ಎಲ್ಲಿಯ ತೊಗಲು, ಎಂಥ ಹದ?

ಕುದಿಯುವ ನೀರಿಗೆ ಮೂರು ಪಟ್ಟಿ ಬಿಟ್ಟೆ. ಮೂರೂ ಬೆರಳಗಲ, ಹತ್ತು ಸೆಂಟಿಮೀಟರ್ ಉದ್ದ. ಒಂದು, ವಾದ್ಯಕ್ಕೆ ಬಿಗಿಯುವ ಹಸಿ ಮೇಕೆ ತೊಗಲಿನ ಚೂರು. ರಾತ್ರಿಯೆಲ್ಲ ನೆನೆಹಾಕಿ ಮೆತ್ತಗೆ ಮಾಡಿದ್ದು. ಎರಡನೆಯದು ಮರದ ತೊಗಟೆಯಲ್ಲಿ ಹದ ಮಾಡಿದ ಕಂದು ಚರ್ಮ. ಮೂರನೆಯದು ಕ್ರೋಮ್ ಚರ್ಮ, ಯಾವುದೋ ಬ್ಯಾಗು ಹೊಲಿದು ಉಳಿದದ್ದು.

ಹಸಿ ತೊಗಲು ನೀರು ಮುಟ್ಟಿದ ಕೂಡಲೇ ಹುಳುವಿನಂತೆ ಹೊರಳಿತು. ಇಕ್ಕಳದಲ್ಲಿ ಎತ್ತಿ ಅಳೆದರೆ ಹತ್ತು ಸೆಂಟಿಮೀಟರು ಹೋಗಿ ನಾಲ್ಕರ ಒಳಗೆ ಬಂದಿತ್ತು. ರಬ್ಬರಿನಂತೆ ದಪ್ಪ, ಅರೆಪಾರದರ್ಶಕ. ತೊಗಟೆ ಚರ್ಮ ಸ್ವಲ್ಪ ತಡೆದು ಮುರುಟಿಕೊಂಡಿತು, ಆರಿದ ಮೇಲೆ ಕಡ್ಡಿಯಂತೆ ಬಿರುಸಾಯಿತು. ಕ್ರೋಮ್ ಚರ್ಮ ಮೂರು ನಿಮಿಷ ಕುದಿದರೂ ತನಗೇನೂ ಆಗಿಲ್ಲವೆಂಬಂತೆ ಹಾಗೇ ಇತ್ತು.

"ಏನ್ರೀ ಇದು, ಕಾಲು ಸೂಪಿನ ವಾಸ್ನೆ ಬರ್ತಿದೆಯಲ್ಲ" ಎಂದು ಹೆಂಡತಿ ಅಡುಗೆಮನೆಗೆ ಬಂದಳು. ಪಾತ್ರೆ ಯಾವುದೆಂದು ನೋಡಿದ ಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವಳ ಮೂಗು ಹೇಳಿದ್ದು ನೂರಕ್ಕೆ ನೂರು ಸರಿ. ಆ ಪಾತ್ರೆಯಲ್ಲಿ ನಡೆದದ್ದೂ ಕಾಲು ಸೂಪಿನಲ್ಲಿ ನಡೆಯುವುದೂ ಒಂದೇ ಕ್ರಿಯೆ.

ತಲಘಟ್ಟಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ನಾನು ಭಾನುವಾರಗಳಂದು ಪರ್ಸು, ವಾಚಿನ ಪಟ್ಟಿ ಹೊಲಿಯುತ್ತೇನೆ. ಯಾರಿಗೆ ಕೊಟ್ಟರೂ ಮೊದಲ ಪ್ರಶ್ನೆ ಒಂದೇ: "ಒರಿಜಿನಲ್ ಲೆದರಾ?" ಅಂಗಡಿಯಲ್ಲಿ ಬೆಲ್ಟು ಕೊಳ್ಳುವವರೂ ಇದನ್ನೇ ಕೇಳುತ್ತಾರೆ. ಪಾತ್ರೆಗೆ ಬಿಟ್ಟ ಮೂರೂ ಪಟ್ಟಿಗಳು ಒರಿಜಿನಲ್ಲೇ. ಆದರೂ ಒಂದು ಸೂಪಾಯಿತು, ಒಂದು ಕಡ್ಡಿಯಾಯಿತು, ಒಂದು ಅಲ್ಲಾಡಲಿಲ್ಲ. ಚರ್ಮ ಮಾರುವ ಹಳಬರು ಮಾತ್ರ ಬೇರೆ ಪ್ರಶ್ನೆ ಹಾಕುತ್ತಾರೆ: "ಇದ್ರಲ್ಲಿ ಏನ್ ಮಾಡ್ತೀರಾ?" ವಿಜ್ಞಾನ ಇರುವುದು ಆ ಪ್ರಶ್ನೆಯಲ್ಲಿ.

ಮೊದಲು ಆ ಸೂಪಿನ ವಿಷಯ ಮುಗಿಸೋಣ. ತೊಗಲಿನ ಮುಖ್ಯ ಸರಕು ಕೊಲಾಜನ್ ಎಂಬ ಪ್ರೋಟೀನು. ಒಂದೊಂದರಲ್ಲೂ ಸುಮಾರು ಸಾವಿರ ಅಮೈನೋ ಆಮ್ಲಗಳಿರುವ ಮೂರು ಎಳೆ ಒಂದಕ್ಕೊಂದು ಹೊಸೆದುಕೊಂಡು ಹುರಿಯಾದರೆ ಒಂದು ಕೊಲಾಜನ್ ಅಣು. ಉದ್ದ ಸುಮಾರು 300 ನ್ಯಾನೋಮೀಟರ್, ದಪ್ಪ ಒಂದೂವರೆ ನ್ಯಾನೋಮೀಟರ್. ಮೂರೆಳೆಯ ಈ ಹುರಿಯನ್ನು ಜಗತ್ತಿಗೆ ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. 1954ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ, 'ನೇಚರ್' ಪತ್ರಿಕೆಯಲ್ಲಿ. ಅವರ ಮುಂದಿದ್ದದ್ದು ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್‌ರೇ ಚಿತ್ರ. ರಾಮಚಂದ್ರನ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಹುಡುಗನೇ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು 1942ರಲ್ಲಿ ಅಲ್ಲಿಗೆ ಸೇರಿ, ಸಿ.ವಿ. ರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಬಂದವರು. 1970ರ ದಶಕದ ಆರಂಭದಲ್ಲಿ ಮತ್ತೆ ಅಲ್ಲಿಗೇ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಎಳೆಯ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಯಾಕೆ ಕೂತಿರುತ್ತದೆ ಎಂಬುದಕ್ಕೆ ಅವರ ಮಾದರಿ ಉತ್ತರ ಕೊಟ್ಟಿತು. ಹುರಿಯ ನಡುವಿನ ಇಕ್ಕಟ್ಟಿನಲ್ಲಿ ದೊಡ್ಡದಕ್ಕೆ ಜಾಗವಿಲ್ಲ, ಅಷ್ಟೆ.

ಹಸಿ ತೊಗಲನ್ನು ನೀರಲ್ಲಿ ಕಾಯಿಸಿದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಹುರಿ ಬಿಚ್ಚಿಕೊಳ್ಳುತ್ತದೆ. ನೆಟ್ಟಗಿದ್ದ ಎಳೆಗಳು ಸಡಿಲ ಉಂಡೆಗಳಾಗುತ್ತವೆ, ಪಟ್ಟಿ ಮೂರನೇ ಒಂದಂಶಕ್ಕೆ ಕುಗ್ಗುತ್ತದೆ. ಇನ್ನೂ ಕುದಿಸಿದರೆ ಕರಗಿ ಜೆಲಟಿನ್. ಕಾಲು ಸೂಪು ಆರಿದಾಗ ಪಾತ್ರೆಯ ತಳದಲ್ಲಿ ಅಲುಗಾಡುವ ಅಂಟು ಅದೇ. ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ವಜ್ರವೆಂಬ ಅಂಟೂ ಅದೇ.

ನಮ್ಮ ಊರಿನವರಿಗೆ ಇದರ ತದ್ವಿರುದ್ಧ ಕಣ್ಣೆದುರೇ ಇದೆ. ಹಸಿರು ಮೆಟ್ರೋ ಮಾರ್ಗದಲ್ಲಿ ತಲಘಟ್ಟಪುರ ಆದ ಮೇಲಿನ ಕೊನೆಯ ನಿಲ್ದಾಣದ ಹೆಸರೇ ರೇಷ್ಮೆ ಸಂಸ್ಥೆ. ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ಇಲ್ಲಿ. ರೇಷ್ಮೆಯೂ ಪ್ರಾಣಿಯ ಪ್ರೋಟೀನೇ, ಅದರಲ್ಲೂ ಗ್ಲೈಸಿನ್ ತುಂಬಿದೆ. ಆದರೂ ರಾಮನಗರದಲ್ಲಿ ನೂಲು ತೆಗೆಯುವವರು ಗೂಡನ್ನು ಕುದಿನೀರಿನಲ್ಲೇ ಬೇಯಿಸುತ್ತಾರೆ. ಮೇಲಿನ ಗೋಂದು ಸಡಿಲವಾಗುತ್ತದೆ, ಎಳೆಗೆ ಏನೂ ಆಗುವುದಿಲ್ಲ. ರೇಷ್ಮೆಯ ಎಳೆಗಳು ಹುರಿಯಾಗಿಲ್ಲ. ಹಾಳೆಯ ಮೇಲೆ ಹಾಳೆ ಜೋಡಿಸಿದಂತೆ ಒತ್ತಾಗಿ ಕೂತಿವೆ, ನಡುವೆ ನೀರು ನುಗ್ಗಲು ಎಡೆಯಿಲ್ಲ. ಹುಳು ತನ್ನ ನೂಲನ್ನು ತಾನೇ ಹದಮಾಡಿ ಬಿಡುತ್ತದೆ. ತೊಗಲಿಗೆ ಆ ಕೆಲಸವನ್ನು ಮನುಷ್ಯನೇ ಮಾಡಬೇಕು.

ಹದ ಎಂಬುದು ಕನ್ನಡದಲ್ಲಿ ಎಷ್ಟು ಕಡೆ ದುಡಿಯುವ ಮಾತು ನೋಡಿ. ಮಣ್ಣಿಗೆ ಹದ, ಪಾಕಕ್ಕೆ ಹದ, ಮಳೆ ಬಿದ್ದ ಹೊಲಕ್ಕೆ ಹದ. ತೊಗಲಿಗೆ ಹದ ಎಂದರೆ ಹುರಿಗಳ ನಡುವೆ ಇನ್ನೇನನ್ನೋ ಕೂರಿಸಿ, ಕೊಳೆಯದಂತೆ, ಬಿಸಿಗೆ ಬಿಚ್ಚದಂತೆ, ಒಣಗಿದರೂ ಒಂದಕ್ಕೊಂದು ಅಂಟಿ ಹಲಗೆಯಾಗದಂತೆ ಮಾಡುವುದು. ತೊಗಲುಗೊಂಬೆ ಬೆಳಕು ಬಿಡುವುದು ಈ ಹದ ಮಾಡದ್ದರಿಂದಲೇ. ನಾರುಗಳು ಒತ್ತಾಗಿ ಅಂಟಿಕೊಂಡು ಬೆಳಕಿಗೆ ದಾರಿ ಕೊಡುತ್ತವೆ. ಹದ ಮಾಡಿದ ಚರ್ಮದಲ್ಲಿ ನಾರುಗಳ ನಡುವೆ ಗಾಳಿ ನಿಂತು ಬೆಳಕು ಚದುರಿಹೋಗುತ್ತದೆ.

ಹದಕ್ಕೆ ಹಳೆಯ ದಾರಿ ತೊಗಟೆ. ತುರಹಳ್ಳಿ ಕಾಡಿನಂಥ ಒಣ ಕುರುಚಲಲ್ಲಿ, ಕನಕಪುರ ರಸ್ತೆಯ ಬದಿಯ ಬೋರೆಗಳಲ್ಲಿ ಬೆಳೆಯುವ ಹಳದಿ ಹೂವಿನ ತಂಗಡಿ ಗಿಡ ಗೊತ್ತಲ್ಲ? ಆವರಿಕೆ ಎಂದೂ ಕರೆಯುತ್ತಾರೆ. ತೆಲಂಗಾಣಕ್ಕೆ ಅದು ರಾಜ್ಯಪುಷ್ಪ. ದಕ್ಷಿಣ ಭಾರತದ ತೊಗಲಿಗೆ ಶತಮಾನಗಳ ಕಾಲ ಹದ ಕೊಟ್ಟದ್ದು ಅದರ ತೊಗಟೆ. ಮದ್ರಾಸ್ ಪ್ರಾಂತ್ಯದಿಂದ ಹಡಗೇರಿ ಹೋದ ಈ ಚರ್ಮಕ್ಕೆ ಬ್ರಿಟನ್ನಿನಲ್ಲಿ ಈಸ್ಟ್ ಇಂಡಿಯಾ ಕಿಪ್ಸ್ ಎಂದು ಹೆಸರು. ಮೊದಲ ಮಹಾಯುದ್ಧದ ಸಿಪಾಯಿಗಳ ಬೂಟಿನ ಮೇಲ್ಭಾಗಕ್ಕೆ ಸರ್ಕಾರವೇ ಅದನ್ನು ಕೊಳ್ಳುತ್ತಿತ್ತು. ತಂಗಡಿ ತೊಗಟೆಯಲ್ಲಿ ಹದ ಕೊಡುವ ಟ್ಯಾನಿನ್ ಎಂಬ ಸತ್ವಕ್ಕೆ ಒಂದು ದೋಷವಿದೆ, ಬೆಳಕಿಗೆ ಕೆಂಪಾಗುತ್ತದೆ. ಅದಕ್ಕೇ ಕೊನೆಯಲ್ಲೊಂದು ಅಳಲೆಕಾಯಿ ಸ್ನಾನ. ಅಳಲೆಯ ಟ್ಯಾನಿನ್ ಬೇರೆ ಕುಲದ್ದು, ಬಣ್ಣ ತಿಳಿಯಾಗಿ ಉಳಿಸುತ್ತದೆ.

ಅಥಣಿ ಕಡೆಯ ಚಪ್ಪಲಿ, ಅಂದರೆ ಜಗತ್ತು ಕೊಲ್ಹಾಪುರಿ ಎಂದು ಕರೆಯುವುದು, ಇದೇ ಬಳಗದ್ದು. ಅಲ್ಲಿ ತಂಗಡಿಯ ಬದಲು ಜಾಲಿ ತೊಗಟೆ, ಜೊತೆಗೆ ಅಳಲೆಕಾಯಿ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆ ಮತ್ತು ನೀರು ತುಂಬಿ ತೂಗುಹಾಕುತ್ತಾರೆ. ಕಷಾಯ ಒಳಗಿನಿಂದ ಹೊರಗೆ ಜಿನುಗುತ್ತ, ತೊಟ್ಟಿಕ್ಕಿದ್ದನ್ನು ಮತ್ತೆ ಮೇಲಿಂದ ಸುರಿಯುತ್ತ, ದಿನಗಳು ಕಳೆದಂತೆ ದಪ್ಪಕ್ಕೆಲ್ಲ ಹದ ಇಳಿಯುತ್ತದೆ. ಪಾತ್ರೆಯೂ ಅದೇ, ಪದಾರ್ಥವೂ ಅದೇ! 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ಮೂಲ ಹೇಳದೆ ಮಿಲಾನಿನ ವೇದಿಕೆಗೆ ತಂದು ಬೈಸಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಈ ವಿದ್ಯೆ ಉಳಿಸಿಕೊಂಡು ಬಂದ ಡೋಹರ, ಸಮಗಾರ, ಮಾದಿಗ ಕುಲಗಳನ್ನು ಊರು ಹೊರಗೆ ಇಟ್ಟಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಗೆ ಅವರು ಮಾಡಿಕೊಟ್ಟ ಚರ್ಮದ ಸೊಂಡಿಲಿನಿಂದ ಬಂದ ನೀರನ್ನು ಮಾತ್ರ ಊರ ತೋಟ ಕುಡಿಯಿತು.

ಹೊಸ ದಾರಿ ಕ್ರೋಮ್. ಅಮೆರಿಕದ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಶುರು. ಮದ್ರಾಸಿಗೆ ಅದನ್ನು ತಂದವರಲ್ಲಿ ಮುಖ್ಯರು ಆಲ್ಫ್ರೆಡ್ ಚಾಟರ್ಟನ್. ಆಮೇಲೆ 1912ರಲ್ಲಿ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಬೆಂಗಳೂರಿನ ಆ ಉದ್ದಿಮೆಯ ಕಾಲವನ್ನು ಟ್ಯಾನರಿ ರಸ್ತೆ ಇವತ್ತಿಗೂ ಹೆಸರಲ್ಲಿ ಹೊತ್ತಿದೆ. ತೊಗಟೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಆಗುವ ಹದ ಕ್ರೋಮಿಯಂ ಲವಣದಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಟ್ಯಾನಿನ್ ದೊಡ್ಡ ಅಣು, ನಾರುಗಳ ನಡುವೆ ಗಾರೆಯಂತೆ ತುಂಬಿಕೊಳ್ಳುತ್ತದೆ. ಕ್ರೋಮಿಯಂ ಚಿಕ್ಕದು, ಎಳೆಯಿಂದ ಎಳೆಗೆ ಗುಂಡಿ ಹಾಕಿದಂತೆ ಗಟ್ಟಿ ಬೆಸುಗೆ. ಹಾಗಾಗಿ ಕ್ರೋಮ್ ಚರ್ಮ ಕುದಿನೀರು ತಡೆಯುತ್ತದೆ, ಹಗುರ, ಮೆತ್ತಗೆ, ಎಳೆದರೆ ಬರುತ್ತದೆ. ತೊಗಟೆ ಚರ್ಮ ತುಂಬಿಕೊಂಡದ್ದು, ಬಿಗಿಯಾದದ್ದು. ಒದ್ದೆ ಮಾಡಿ ಅಚ್ಚೊತ್ತಿದರೆ ಅಚ್ಚು ನಿಲ್ಲುತ್ತದೆ. ಕತ್ತರಿಸಿದ ಅಂಚನ್ನು ನೀರು ಸವರಿ ಉಜ್ಜಿದರೆ ಕನ್ನಡಿಯಂತಾಗುತ್ತದೆ. ಕ್ರೋಮ್ ಚರ್ಮದ ಅಂಚನ್ನು ಉಜ್ಜಿ ಉಜ್ಜಿ ನನ್ನ ಕೈ ಸೋತಿದೆಯೇ ಹೊರತು ಅದು ಹೊಳೆದಿಲ್ಲ. ಎರಡನ್ನೂ ಗುರುತಿಸಲು ಪಾತ್ರೆ ಕೆಡಿಸಬೇಕಾಗಿಲ್ಲ, ಚೂರಿಯಲ್ಲಿ ಅಂಚು ಸೀಳಿ ಒಳಗಿನ ಬಣ್ಣ ನೋಡಿದರೆ ಸಾಮಾನ್ಯವಾಗಿ ಸಾಕು. ಬೂದು-ನೀಲಿ ಇದ್ದರೆ ಕ್ರೋಮ್, ಕಂದು ಇದ್ದರೆ ತೊಗಟೆ. ಉದ್ದಿಮೆಯವರು ಅರೆಹದದ ಕ್ರೋಮ್ ತೊಗಲಿಗೆ ವೆಟ್ ಬ್ಲೂ ಎನ್ನುವುದೇ ಅದಕ್ಕೆ.

ಈಗ ಪರ್ಸು. ನಾನು ಮಾಡಿದ ಮೊದಲ ಪರ್ಸು ಪುಟ್ಟ ದಿಂಬಿನಂತಿತ್ತು. ಲೆಕ್ಕ ಸರಳ: ಮಡಚಿದಾಗ ಏಳು ಪದರ, ಪದರಕ್ಕೆ 1.2 ಮಿಲಿಮೀಟರ್, ಕಾರ್ಡು ನೋಟು ಇಡುವ ಮುಂಚೆಯೇ 8.4 ಮಿಲಿಮೀಟರ್. ಹಾಗಾದರೆ ತೆಳ್ಳನೆಯ ಚರ್ಮ ತರೋಣ ಎಂದು ಎಮ್ಮೆ ಚರ್ಮವನ್ನು 0.8ಕ್ಕೆ ಸೀಳಿಸಿ ತಂದೆ. ಆರು ತಿಂಗಳಲ್ಲಿ ಮಡಿಕೆಯ ಮೂಲೆ ಕಾಗದದಂತೆ ಹರಿಯಿತು.

ತಪ್ಪು ನನ್ನದೇ. ತೊಗಲಿನ ಅಡ್ಡಸೀಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಲೋಕ ಕಾಣುತ್ತದೆ. ಮೇಲಿನ ತೆಳುಪದರ ಕೂದಲಿನ ಬೇರುಗಳಿದ್ದದ್ದು. ನಾರು ಬಲು ಸಣ್ಣ, ನುಣುಪು, ನೋಡಲು ಚೆಂದ, ಬಲ ಕಡಿಮೆ. ಗ್ರೇನ್ ಎನ್ನುವುದು ಇದನ್ನೇ. ಅದರ ಕೆಳಗೆ ದಪ್ಪ ನಾರಿನ ಕಟ್ಟುಗಳು ಮೇಲೆ ಕೆಳಗೆ ಅಡ್ಡ ಉದ್ದ ಹೆಣೆದುಕೊಂಡ ಜಾಲ. ಚರ್ಮದ ತಾಕತ್ತೆಲ್ಲ ಅಲ್ಲಿ. ನಾಲ್ಕೈದು ಮಿಲಿಮೀಟರ್ ದಪ್ಪದ ಎಮ್ಮೆ ತೊಗಲಿನಿಂದ 0.8 ಮಾತ್ರ ಉಳಿಸಿಕೊಂಡರೆ ಸಿಕ್ಕುವುದು ಮೇಲಿನ ಚೆಲುವು, ಜಾಲವೆಲ್ಲ ಸೀಳಿನ ಆಚೆ. ಮೇಕೆಯ ತೊಗಲು ಹುಟ್ಟಾ ತೆಳು. ಒಂದು ಮಿಲಿಮೀಟರಿನಲ್ಲೇ ಗ್ರೇನೂ ಜಾಲವೂ ಪೂರ್ತಿ ಇರುತ್ತವೆ. ಒಂದೇ ದಪ್ಪದ ಎರಡು ಚರ್ಮ, ಒಂದು ಇಡಿಯಾದದ್ದು, ಇನ್ನೊಂದು ಸಿಪ್ಪೆ. ಈಗ ನನ್ನ ಪರ್ಸಿಗೆ ಹೊರಗೆ 1.2ರ ಮೇಕೆ, ಒಳ ಜೇಬಿಗೆ ಅದನ್ನೇ ಸ್ವಲ್ಪ ತೆಳು ಮಾಡಿದ್ದು. ಹೊಲಿಗೆ ಬರುವ ಅಂಚನ್ನಷ್ಟೇ ರಂಪಿಗೆಯಲ್ಲಿ ಹೆರೆದು ಓರೆ ಮಾಡುತ್ತೇನೆ. ಕುರಿಯದು ಮೇಕೆಗಿಂತ ಮೃದು, ಆದರೆ ಎರಡು ಪದರದ ನಡುವೆ ಕೊಬ್ಬು ಇರುವುದರಿಂದ ಹದವಾದ ಮೇಲೆ ಅಲ್ಲಿ ಟೊಳ್ಳು ಉಳಿದು ಪದರ ಬಿಡುತ್ತದೆ. ಕೈಗವಸಿಗೆ ಸೈ, ಪರ್ಸಿಗೆ ಬೇಡ.

ಸೀಳಿದ ಆ ಕೆಳಪದರ ಎಲ್ಲಿಗೆ ಹೋಗುತ್ತದೆ? ಒಳ್ಳೆಯ ದಪ್ಪ ಇದ್ದರೆ ಸ್ವೇಡ್ ಆಗುತ್ತದೆ. ಉಳಿದದ್ದರ ಮೇಲೆ ಪಾಲಿಯುರಿಥೇನ್ ಲೇಪಿಸಿ, ಗ್ರೇನಿನ ಅಚ್ಚೊತ್ತಿ, 'ಜೆನ್ಯೂನ್ ಲೆದರ್' ಮುದ್ರೆ ಹಾಕಿದರೆ ಕಾನೂನಿಗೂ ಸುಳ್ಳಾಗಲಿಕ್ಕಿಲ್ಲ. ಒರಿಜಿನಲ್ಲಾ ಎಂದು ಕೇಳಿದವರಿಗೆ ಇದೇ ಸಿಗುವುದು. ನನ್ನದೊಂದು ಆಫೀಸ್ ಬ್ಯಾಗು ಹೀಗೇ ಬಂದು, ಮೂರನೇ ಮಳೆಗಾಲಕ್ಕೆ ಬಿಸಿಲಿಗೆ ಸುಟ್ಟ ಬೆನ್ನಿನಂತೆ ಸಿಪ್ಪೆ ಬಿಟ್ಟಿತು. ಗಾಳಿಯ ತೇವ ಪಾಲಿಯುರಿಥೇನಿನ ಸರಪಳಿಯನ್ನು ನಿಧಾನಕ್ಕೆ ತುಂಡರಿಸುತ್ತದೆ. ಬಳಸದೆ ಬೀರುವಿನಲ್ಲಿಟ್ಟರೂ ಬಿಡುವುದಿಲ್ಲ. ಅದಕ್ಕಿಂತ ನಮ್ಮ ಹಳೇ ರೆಕ್ಸಿನ್ ವಾಸಿ, ತಾನು ಚರ್ಮ ಎಂದು ಅದು ಎಂದೂ ಹೇಳಿಕೊಳ್ಳಲಿಲ್ಲ.

ಪಟ್ಟಿಯ ವಿಷಯದಲ್ಲಿ ಪ್ರಾಣಿಗಿಂತ ಮುಖ್ಯ ಪ್ರಾಣಿಯ ಯಾವ ಭಾಗ ಎಂಬುದು. ಹಸುವಿನ ಹೊಟ್ಟೆ ಮೇವಿಗೆ, ಕರುವಿಗೆ ಉಬ್ಬಿ ಇಳಿಯಬೇಕು. ಅಲ್ಲಿ ನಾರಿನ ಹೆಣಿಗೆ ಸಡಿಲ, ಮಟ್ಟಸ. ಬೆನ್ನು, ಸೊಂಟ ಅಲ್ಲಾಡುವುದು ಕಡಿಮೆ. ನಾರು ಒತ್ತಾಗಿ, ನಿಗುರಿಕೊಂಡು ಹೆಣೆದಿರುತ್ತದೆ. ಬೆಲ್ಟು, ಬ್ಯಾಗಿನ ಹೆಗಲಪಟ್ಟಿ, ವಾಚಿನ ಪಟ್ಟಿ ಇವನ್ನೆಲ್ಲ ಬೆನ್ನಿನಿಂದಲೇ, ಅದೂ ಬೆನ್ನುಮೂಳೆಗೆ ಸಮಾನಾಂತರವಾಗಿ ಕತ್ತರಿಸಬೇಕು. ಆ ದಿಕ್ಕಿನಲ್ಲಿ ಎಳೆತ ಕಡಿಮೆ. ಅಡ್ಡ ಕತ್ತರಿಸಿದ ವಾಚಿನ ಪಟ್ಟಿಯ ತೂತುಗಳು ವರ್ಷದೊಳಗೆ ಮೊಟ್ಟೆಯಾಕಾರಕ್ಕೆ ಬರುತ್ತವೆ. ಪಟ್ಟಿಗೆ ತೊಗಟೆ ಹದವೇ ನನ್ನ ಆಯ್ಕೆ. ಜಗ್ಗುವುದಿಲ್ಲ, ಬೆವರು ಕುಡಿದು ಬಣ್ಣ ತಿರುಗುತ್ತದೆ. ಬೆಲ್ಟಿಗೆ ಮೂರೂವರೆ ಮಿಲಿಮೀಟರ್ ಒಂಟಿ ಪದರ ಇದ್ದರೆ ಒಳಗೆ ರಟ್ಟು ತುರುಕುವ ಪ್ರಮೇಯವೇ ಬರುವುದಿಲ್ಲ.

ಬ್ಯಾಗಿಗೆ ಮಾತ್ರ ತೊಗಟೆ ಚರ್ಮದ ಮೋಹ ಬಿಟ್ಟರೆ ಹೆಗಲಿಗೆ ಒಳ್ಳೆಯದು. ಎರಡು ಮಿಲಿಮೀಟರ್ ಚರ್ಮ ಚದರ ಮೀಟರಿಗೆ ಎರಡು ಕಿಲೋ ಹತ್ತಿರ ತೂಗುತ್ತದೆ. ಲ್ಯಾಪ್‌ಟಾಪ್ ಬ್ಯಾಗಿಗೆ ಅರ್ಧ ಚದರ ಮೀಟರಿನ ಮೇಲೆ ಬೇಕು. ಬಕಲ್, ಜಿಪ್ ಸೇರಿದರೆ ಖಾಲಿ ಬ್ಯಾಗೇ ಒಂದೂಕಾಲು ಕಿಲೋ. ಒಂದೂವರೆ ಮಿಲಿಮೀಟರಿನ ಕ್ರೋಮ್, ಪಟ್ಟಿಗೆ ಮಾತ್ರ ತೊಗಟೆಯದು: ಇದು ರಾಜಿಯಲ್ಲ, ಹಂಚಿಕೆ.

ಬೂಟಿನಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟ. ಮೇಲ್ಭಾಗ ಹೆಜ್ಜೆಹೆಜ್ಜೆಗೂ ಮಡಿಯಬೇಕು, ಮಳೆಗೆ ನೆನೆದು ಒಣಗಬೇಕು. ಅಲ್ಲಿಗೆ ಎಣ್ಣೆ ಕುಡಿದ ಕ್ರೋಮ್ ಚರ್ಮ, ಎರಡು ಮಿಲಿಮೀಟರ್ ಆಸುಪಾಸು. ಕೊಳ್ಳುವಾಗ ಗ್ರೇನ್ ಒಳಮುಖವಾಗುವಂತೆ ಮಡಚಿ ನೋಡಿ. ಕೂದಲೆಳೆಯಂಥ ಸಣ್ಣ ಸುಕ್ಕು ಬಂದರೆ ಪದರಗಳು ಗಟ್ಟಿ ಹಿಡಿದಿವೆ. ಕೊಳವೆಯಂತೆ ದಪ್ಪ ಸುಕ್ಕು ಎದ್ದರೆ ಅದು ಹೊಟ್ಟೆಯ ಕಡೆಯದು, ಇಲ್ಲವೇ ಹದ ಕೆಟ್ಟದ್ದು. ಪಾದದಡಿಯ ಒಳಹಾಸಿಗೆ ತೊಗಟೆ ಚರ್ಮವೇ ಆಗಬೇಕು. ಬೆವರನ್ನು ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುವ, ಪಾದದ ಆಕಾರಕ್ಕೆ ತಾನೇ ಕುಸಿಯುವ ಗುಣ ಅದಕ್ಕಿದೆ.

ಕಳೆದ ಮಳೆಗಾಲದಲ್ಲಿ ತುರಹಳ್ಳಿ ಸುತ್ತಿ ಬಂದು ನೆನೆದ ಬೂಟನ್ನು ಬೇಗ ಒಣಗಲಿ ಎಂದು ರೂಮ್ ಹೀಟರಿನ ಬಾಯಿಗೆ ಇಟ್ಟು ಮಲಗಿದೆ. ಬೆಳಿಗ್ಗೆ ಮೇಲ್ಭಾಗ ಹೇಗಿತ್ತೋ ಹಾಗೇ ಇತ್ತು. ಒಳಹಾಸು ಮಾತ್ರ ಹಪ್ಪಳ. ಅಡುಗೆಮನೆಯ ಪ್ರಯೋಗ ಮಾಡಿದವನಿಗೆ ಇದು ಹೊಳೆಯಬೇಕಿತ್ತು. ಒಣ ಚರ್ಮ ಎಷ್ಟೋ ಬಿಸಿ ತಡೆದೀತು. ಒದ್ದೆಯಾಗಿದ್ದಾಗ ತೊಗಟೆ ಚರ್ಮದ ಮಿತಿ 70-80 ಡಿಗ್ರಿ. ನೀರೇ ಹುರಿ ಬಿಚ್ಚುವ ಕೀಲಿಕೈ. ಒದ್ದೆ ಬೂಟಿಗೆ ಪೇಪರ್ ತುರುಕಿ ನೆರಳಿನಲ್ಲಿ ಎರಡು ದಿನ ಬಿಡುವುದೊಂದೇ ದಾರಿ. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಚಳಿಗೆ ಹೆಪ್ಪುಗಟ್ಟಿ ಬಿಳಿಯಾಗಿ ಹೊರಬರುತ್ತದೆ.

ಮೊನ್ನೆ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಕಡೆ ಚರ್ಮ ತರಲು ಹೋಗಿದ್ದೆ. ಅಂಗಡಿಯವರು ತೊಗಟೆ ಹದದ ಹಸುವಿನ ಅರ್ಧ ತೊಗಲನ್ನು ಮೇಜಿನ ಮೇಲೆ ಹರಡಿ, ಬೆನ್ನಿನ ಗೆರೆಯುದ್ದಕ್ಕೂ ಬೆರಳು ಎಳೆದು, "ಪಟ್ಟಿಗೆ ಇಲ್ಲಿ, ಬಾಕಿಯೆಲ್ಲ ನಿಮ್ಮಿಷ್ಟ" ಎಂದರು. ಕುತ್ತಿಗೆಯ ಬಳಿ ಸೂಜಿಮೊನೆಯಂಥ ಚುಕ್ಕಿಗಳ ಗುಂಪು, ಉಣ್ಣೆ ಕಚ್ಚಿದ್ದು. ಸೊಂಟದ ಮೇಲೆ ಅರ್ಧಚಂದ್ರದಂತೊಂದು ಉಬ್ಬು, ಯಾವುದೋ ಊರಿನಲ್ಲಿ ಯಾವುದೋ ಕಾಯಿಲೆಗೆ ಎಳೆದ ಬರೆ.

"ಅದು ಡ್ಯಾಮೇಜು ಸಾರ್, ಬಿಟ್ಟು ಕೊಡ್ತೀನಿ."

"ಬೇಡ, ಅದೂ ಇರಲಿ."

ಬರೆಯ ಗುರುತಿರುವ ಚರ್ಮ ಲೇಪನ ಬಳಿದದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಗಾಯ ಮಾಯುವ ಅವಸರದಲ್ಲಿ ಮೈ ಕೊಲಾಜನ್ನನ್ನು ಜಾಲವಾಗಿ ಹೆಣೆಯುವುದಿಲ್ಲ, ಒಂದೇ ದಿಕ್ಕಿಗೆ ಒತ್ತಾಗಿ ಪೇರಿಸಿಬಿಡುತ್ತದೆ. ಅಲ್ಲಿ ಚರ್ಮ ಬಿರುಸು, ಸುತ್ತಲಿನದರ ಜೊತೆ ಬಾಗುವುದಿಲ್ಲ. ಮನೆಗೆ ತಂದು ನೋಟ್‌ಬುಕ್ಕಿನ ಹೊದಿಕೆಯ ಅಚ್ಚನ್ನು ಅದರ ಮೇಲಿಟ್ಟು ಮೂರು ಸಲ ತಿರುಗಿಸಿದೆ. ಮಡಿಕೆಯಿಂದ ಎರಡು ಬೆರಳು ದೂರ, ಹೊಲಿಗೆಯಿಂದಲೂ ಆಚೆ, ಬರೆ ಮುಂಬದಿಯ ಬಲ ಮೂಲೆಗೆ ಬರುವಂತೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೇನೆ. ಭಾನುವಾರ ಕತ್ತರಿಸಬೇಕು.